ಒಪ್ಪಿಕೊಂಡ ಪ್ರಬಂಧವನ್ನೇ ಜರಡಿ ಹಿಡಿದಾಗ

ಅಕ್ಕನ ಮಗಳು ಕಾಲೇಜಿಗೆ ಒಂದು ಪ್ರಬಂಧ ಬರೆಯಬೇಕಿತ್ತು. ಸುಮ್ನೆ ವಿವರಣೆ ಅಲ್ಲ, ಓದುವವರ ಮನವೊಲಿಸುವ ಪ್ರಬಂಧ. ವಿಷಯ ಪರಿಸರ. ಅವಳು ಪ್ಲಾಸ್ಟಿಕ್ ಆರಿಸಿಕೊಂಡಳು. ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ಕನ್ನು ಕಾನೂನು ತಂದು ಪೂರ್ತಿ ನಿಷೇಧಿಸಬೇಕು ಅನ್ನುವುದು ಅವಳ ವಾದ. ಆರು ಪುಟ ಬರೆದು ನನಗೆ ಕಳಿಸಿದಳು. "ಚಿಕ್ಕಮ್ಮ, ಕಾಗುಣಿತ ನಾನೇ ನೋಡ್ಕೋತೀನಿ. ಪುರಾವೆಗಳು ಗಟ್ಟಿಯಾಗಿವೆಯಾ ಅಂತ ಮಾತ್ರ ನೋಡಿ" ಅಂದಳು.

ಒಂದೇ ಉಸಿರಿಗೆ ಓದಿದೆ. ಚೆನ್ನಾಗಿತ್ತು. ಸಮುದ್ರದ ಬಗ್ಗೆ, ಆಮೆಗಳ ಬಗ್ಗೆ ಬರೆದದ್ದು ಓದುವಾಗ ಹೊಟ್ಟೆಯಲ್ಲಿ ಸಂಕಟವಾಯಿತು. "ಗಟ್ಟಿಯಾಗಿದೆ" ಅಂತ ಮೆಸೇಜ್ ಬರೆದೂ ಆಗಿತ್ತು. ಕಳಿಸುವ ಮೊದಲು ಕೈ ನಿಂತಿತು. ಅವಳು ಕೇಳಿದ್ದು ಪುರಾವೆ ನೋಡಿ ಅಂತ. ನಾನು ಒಂದನ್ನೂ ನೋಡಿರಲಿಲ್ಲ. ವಾದ ನನಗೆ ಮೊದಲೇ ಒಪ್ಪಿಗೆಯಾಗಿತ್ತು, ಹಾಗಾಗಿ ಪ್ರತಿ ಸಾಲಿಗೂ ತಲೆಯಾಡಿಸುತ್ತಾ ಹೋಗಿದ್ದೆ. ಇದೇ ಆರು ಪುಟ ಪ್ಲಾಸ್ಟಿಕ್ ಪರವಾಗಿ ಇದ್ದಿದ್ದರೆ ಮೊದಲ ಅಂಕಿಗೇ "ಇದು ಎಲ್ಲಿಂದ ಬಂತು?" ಅಂತ ಕೇಳುತ್ತಿದ್ದೆ, ಅಲ್ವಾ?

ಮೆಸೇಜ್ ಅಳಿಸಿದೆ. ಪುಟಗಳನ್ನು ಪ್ರಿಂಟ್ ಹಾಕಿಸಿ ಪೆನ್ಸಿಲ್ ಹಿಡಿದು ಕೂತೆ. ಅವಳ ಮಾತನ್ನು ಎಳ್ಳಷ್ಟೂ ನಂಬದ ಒಬ್ಬರು ನನ್ನ ಪಕ್ಕದಲ್ಲೇ ಕೂತು ಓದುತ್ತಿದ್ದಾರೆ ಅಂದುಕೊಂಡೆ.

ಮೊದಲ ಸುತ್ತಿನಲ್ಲಿ ಏನನ್ನೂ ಹುಡುಕಲಿಲ್ಲ. ಅವಳು ಏನಾದರೂ ಸಾಧಿಸಲು ಹೊರಟ ಸಾಲಿನ ಕೆಳಗೆ ಗೆರೆ ಎಳೆದೆ. ಅದಕ್ಕೆ ಆಧಾರ ಕೊಟ್ಟ ಸಾಲಿಗೆ ಚೌಕ ಹಾಕಿದೆ. ಆಮೇಲೆ ಚೌಕದಿಂದ ಗೆರೆಗೆ ಬಾಣ. ಇಷ್ಟರಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಎರಡನೇ ಪುಟದಲ್ಲಿ ಒಬ್ಬ ಸಿನಿಮಾ ನಟರ ಮಾತಿಗೆ ಚೌಕ ಹಾಕಿದ್ದೆ. ಬಾಣ ಎಳೆಯಲು ಹೋದರೆ ಅದು ಯಾವ ಗೆರೆಗೂ ಹೋಗುತ್ತಿರಲಿಲ್ಲ. ಭೂಮಿ ನಮ್ಮ ತಾಯಿ ಅನ್ನುವ ಅರ್ಥದ ಮಾತು. ಕೇಳಲು ಚೆಂದ, ಯಾವುದಕ್ಕೂ ಪುರಾವೆಯಲ್ಲ. "ತೆಗೆ" ಅಂತ ಬರೆದು ಮುಂದೆ ಹೋದೆ.

ಅವಳ ಅತಿ ದೊಡ್ಡ ಚೌಕ ಮೊದಲ ಪ್ಯಾರಾದಲ್ಲೇ ಇತ್ತು: "2050ರ ಹೊತ್ತಿಗೆ ಸಮುದ್ರದಲ್ಲಿ ಮೀನಿಗಿಂತ ಪ್ಲಾಸ್ಟಿಕ್ಕೇ ಜಾಸ್ತಿ ಇರುತ್ತದೆ ಎಂದು ವಿಜ್ಞಾನಿಗಳು ಸಾಬೀತು ಮಾಡಿದ್ದಾರೆ." ಈ ಮಾತು ನಾನೂ ಎಷ್ಟೋ ಸಲ ಹೇಳಿದ್ದೇನೆ. ಅಡಿಟಿಪ್ಪಣಿಯಲ್ಲಿ ಒಂದು ಸುದ್ದಿ ತಾಣದ ಲಿಂಕ್ ಇತ್ತು. ಅಲ್ಲಿಗೆ ಹೋದರೆ ಅವರು ಇನ್ನೊಂದು ಸುದ್ದಿ ತಾಣವನ್ನು ತೋರಿಸಿದ್ದರು. ಅಲ್ಲಿಂದ ಒಂದು ಚಿತ್ರಪಟ. ಚಿತ್ರಪಟದ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಮೂಲದ ಹೆಸರು. ಹೀಗೆ ಒಂದೊಂದೇ ಮೆಟ್ಟಿಲು ಇಳಿದು ಕೊನೆಗೆ ವಸ್ತುಗಳ ಮರುಬಳಕೆಗಾಗಿ ಕೆಲಸ ಮಾಡುವ ಎಲೆನ್ ಮ್ಯಾಕ್‌ಆರ್ಥರ್ ಫೌಂಡೇಶನ್ನಿನ 2016ರ ವರದಿಗೆ ಬಂದು ನಿಂತೆ.

ವರದಿಯಲ್ಲಿ ಆ ಮಾತು ಇದೆ, ಆದರೆ ಹೀಗಿಲ್ಲ. ಈಗಿನ ರೀತಿಯಲ್ಲೇ ಎಲ್ಲವೂ ನಡೆದರೆ 2050ಕ್ಕೆ ತೂಕದ ಲೆಕ್ಕದಲ್ಲಿ ಮೀನಿಗಿಂತ ಪ್ಲಾಸ್ಟಿಕ್ ಜಾಸ್ತಿಯಾಗಬಹುದು ಅನ್ನುವುದು ಅವರ ಅಂದಾಜು. "ತೂಕದ ಲೆಕ್ಕದಲ್ಲಿ" ಅನ್ನುವುದೂ "ಹೀಗೇ ನಡೆದರೆ" ಅನ್ನುವುದೂ ದಾರಿಯಲ್ಲಿ ಎಲ್ಲೋ ಉದುರಿಹೋಗಿದ್ದವು. "ಅಂದಾಜು" ಇದ್ದ ಜಾಗದಲ್ಲಿ "ಸಾಬೀತು" ಬಂದು ಕೂತಿತ್ತು.

ಇನ್ನೊಂದು ಮೆಟ್ಟಿಲು ಇಳಿದೆ. ಆ ಅಂದಾಜಿನ ಒಂದು ಕಾಲು ಪ್ಲಾಸ್ಟಿಕ್ಕಿನದು, ಇನ್ನೊಂದು ಮೀನಿನದು. ಪ್ಲಾಸ್ಟಿಕ್ಕಿನ ಲೆಕ್ಕ ನಿಂತಿರುವುದು ಜೆನ್ನಾ ಜಾಮ್‌ಬೆಕ್ ಮತ್ತು ಸಂಗಡಿಗರು 2015ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನದ ಮೇಲೆ. ಆ ಅಧ್ಯಯನ ಮುಂದಿನ ಲೆಕ್ಕ ಹಾಕಿದ್ದು 2025ರವರೆಗೆ ಮಾತ್ರ. ಅಲ್ಲಿಂದ 2050ರವರೆಗೆ ಗೆರೆ ಎಳೆದವರು ಬೇರೆಯವರು. ಇನ್ನು ಮೀನು. ಸಮುದ್ರದ ಮೀನನ್ನೆಲ್ಲ ಯಾರೂ ತೂಗಿಲ್ಲ, ತೂಗಲೂ ಆಗುವುದಿಲ್ಲ. ಲೆಕ್ಕದ ಮಾದರಿಗಳಿಂದ ಅಂದಾಜು ಮಾಡುತ್ತಾರೆ. ಹಳೆಯ ಅಂದಾಜು 100 ಕೋಟಿ ಟನ್ನಿಗಿಂತ ಸ್ವಲ್ಪ ಕಡಿಮೆ. ಆಮೇಲಿನ ಅಂದಾಜುಗಳಲ್ಲಿ ಅದು 200 ಕೋಟಿಯಿಂದ 1,000 ಕೋಟಿ ಟನ್‌ವರೆಗೆ ಹೋಗಿದೆ. ಮೀನಿನ ತಟ್ಟೆಯೇ ಇಷ್ಟು ಅಲ್ಲಾಡಿದರೆ ತಕ್ಕಡಿ ಯಾವ ಕಡೆ ವಾಲುತ್ತದೆ ಅಂತ ಯಾರು ಗಟ್ಟಿಯಾಗಿ ಹೇಳುತ್ತಾರೆ?

ಒಂದು ಸಾಲಿಗೆ ಎರಡು ಗಂಟೆ ಹಿಡಿಯಿತು. ಬೇಸರವೂ ಆಯಿತು, ಯಾಕಂದರೆ ನಾನು ನಂಬಿಕೊಂಡು ಬಂದ ಮಾತು ಅದು. ಹೀಗೆ ಬಾಯಿಂದ ಬಾಯಿಗೆ ಹೋಗುತ್ತಾ ಅಂಕಿ ಗಟ್ಟಿಯಾಗುವುದು ದೊಡ್ಡ ಜಾಗದಲ್ಲೂ ಆಗಿದೆ. ಹಿಮಾಲಯದ ಹಿಮನದಿಗಳು 2035ರ ಹೊತ್ತಿಗೆ ಮಾಯವಾಗುವ ಸಾಧ್ಯತೆ ತುಂಬಾ ಹೆಚ್ಚು ಎಂಬ ಮಾತು ವಿಶ್ವಸಂಸ್ಥೆಯ ಹವಾಮಾನ ಸಮಿತಿಯಾದ ಐಪಿಸಿಸಿಯ 2007ರ ವರದಿಯೊಳಗೇ ಸೇರಿಕೊಂಡಿತ್ತು. ಅದರ ಮೂಲ ಹುಡುಕಿದರೆ ವನ್ಯಜೀವಿ ಸಂರಕ್ಷಣಾ ಸಂಸ್ಥೆ ಡಬ್ಲ್ಯೂಡಬ್ಲ್ಯೂಎಫ್‌ನ 2005ರ ವರದಿ, ಅದಕ್ಕೂ ಹಿಂದೆ 1999ರ ಒಂದು ಪತ್ರಿಕಾ ಲೇಖನ. 2010ರ ಜನವರಿಯಲ್ಲಿ ಐಪಿಸಿಸಿ ತಪ್ಪನ್ನು ಒಪ್ಪಿಕೊಂಡಿತು. ಹಿಮನದಿಗಳು ಕರಗುತ್ತಿರುವುದು ನಿಜವೇ. ಆದರೆ ಆ ಒಂದು ಇಸವಿಯನ್ನು ಹಿಡಿದುಕೊಂಡು ಇಡೀ ಹವಾಮಾನ ವಿಜ್ಞಾನವನ್ನೇ ಅಲ್ಲಗಳೆಯಲು ಎಷ್ಟು ಜನ ಮುಂದೆ ಬಂದರು! ನಮಗೆ ಪ್ರಿಯವಾದ ವಾದವನ್ನು ಸಡಿಲ ಪುರಾವೆಯ ಮೇಲೆ ನಿಲ್ಲಿಸಿದರೆ ಆಗುವ ನಷ್ಟ ಇದು. ಅದಕ್ಕೇ ಅವಳ ಪುಟಗಳನ್ನು ಬಿಗಿಯಾಗಿ ನೋಡಬೇಕು ಅನ್ನಿಸಿತು.

ಮೂರನೇ ಪುಟದಲ್ಲಿ ಪೆಸಿಫಿಕ್ ಸಮುದ್ರದ "ಕಸದ ದ್ವೀಪ" ಇತ್ತು, ಜೊತೆಗೊಂದು ಫೋಟೋ. ನೀರೇ ಕಾಣದ ಹಾಗೆ ಬಾಟಲಿ, ಚೀಲ, ಡಬ್ಬಿಗಳು. ಫೋಟೋವನ್ನು ದೊಡ್ಡದು ಮಾಡಿ ನೋಡಿದೆ. ಮೇಲಿನ ಅಂಚಿನಲ್ಲಿ ಮಸುಕಾಗಿ ಕಟ್ಟಡದ ಗೋಡೆ ಕಾಣುತ್ತಿತ್ತು. ನಡು ಸಮುದ್ರದಲ್ಲಿ ಕಟ್ಟಡ ಎಲ್ಲಿಂದ ಬಂತು? ಅದೇ ಚಿತ್ರವನ್ನು ಹಾಕಿ ಹುಡುಕಿದಾಗ ಯಾವುದೋ ಬಂದರಿನದು ಅಂತ ಗೊತ್ತಾಯಿತು.

ಹಾಗಾದರೆ ಆ ಜಾಗದಲ್ಲಿ ಕಸವೇ ಇಲ್ಲವಾ? ಇದೆ. 2018ರಲ್ಲಿ ಬಂದ ಅಧ್ಯಯನದ ಪ್ರಕಾರ ಹವಾಯಿ ಮತ್ತು ಕ್ಯಾಲಿಫೋರ್ನಿಯಾ ನಡುವಿನ ಸುಮಾರು 16 ಲಕ್ಷ ಚದರ ಕಿಲೋಮೀಟರಿನಲ್ಲಿ ಕಡಿಮೆ ಅಂದರೂ 79,000 ಟನ್ ಪ್ಲಾಸ್ಟಿಕ್ ತೇಲುತ್ತಿದೆ. ಕಾಗದದ ಅಂಚಿನಲ್ಲೇ ಭಾಗಾಕಾರ ಮಾಡಿದೆ. ಒಂದು ಚದರ ಕಿಲೋಮೀಟರಿಗೆ ಹತ್ತಿರ ಹತ್ತಿರ 49 ಕಿಲೋ. ನಡೆದಾಡುವ ದ್ವೀಪ ಅಲ್ಲ ಅದು. ತುಂಡುಗಳ ಲೆಕ್ಕದಲ್ಲಿ ನೋಡಿದರೆ 100ಕ್ಕೆ 94 ಅರ್ಧ ಸೆಂಟಿಮೀಟರಿಗಿಂತ ಚಿಕ್ಕ ಚೂರುಗಳು. ನನಗೆ ಇದು ದ್ವೀಪಕ್ಕಿಂತ ಭಯ ಹುಟ್ಟಿಸಿತು. ದ್ವೀಪವಾಗಿದ್ದರೆ ಎತ್ತಿ ಹಾಕಬಹುದಿತ್ತು.

ಆದರೆ ಅದೇ ಅಧ್ಯಯನದಲ್ಲಿ ಇನ್ನೊಂದು ಅಂಕಿ ಇತ್ತು. ಆ ತೂಕದಲ್ಲಿ 46 ಶೇಕಡ ಮೀನು ಹಿಡಿಯುವ ಬಲೆಗಳು. ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಕೂತೆ. ಅವಳ ವಾದ ಒಮ್ಮೆ ಬಳಸಿ ಬಿಸಾಡುವ ಚೀಲ, ಲೋಟ, ಸ್ಟ್ರಾಗಳ ಬಗ್ಗೆ. ಅವುಗಳನ್ನೆಲ್ಲ ನಾಳೆಯೇ ನಿಲ್ಲಿಸಿದರೂ ಆ ಬಲೆಗಳು ಅಲ್ಲೇ ಇರುತ್ತವೆ. ಪುರಾವೆ ಸುಳ್ಳಲ್ಲ. ಅಧ್ಯಯನ ಚೆನ್ನಾಗಿದೆ. ಬಾಣ ಮಾತ್ರ ಬೇರೆ ಗೆರೆಗೆ ಹೋಗುತ್ತದೆ. ಸುಳ್ಳು ಪುರಾವೆ ಹಿಡಿಯುವುದು ಸುಲಭ. ನಿಜವಾದ ಪುರಾವೆ ತಪ್ಪು ಸಾಲಿನ ಕೆಳಗೆ ಕೂತಿದ್ದರೆ ಕಂಡುಹಿಡಿಯುವುದು ಕಷ್ಟ. ಅಂಕಿ ಸರಿಯಿದೆ, ಮೂಲ ಸರಿಯಿದೆ ಅಂತ ಟಿಕ್ ಹಾಕಿ ಮುಂದೆ ಹೋಗಿಬಿಡುತ್ತೇವೆ.

ಸ್ಟ್ರಾ ಬಗ್ಗೆ ಅವಳು ಎರಡು ಪುರಾವೆ ಕೊಟ್ಟಿದ್ದಳು. ಅಮೆರಿಕದಲ್ಲಿ ದಿನಕ್ಕೆ 50 ಕೋಟಿ ಸ್ಟ್ರಾ ಬಿಸಾಡುತ್ತಾರೆ ಅನ್ನುವುದು ಒಂದು. ಇದರ ಬೇರು ಹುಡುಕಿದರೆ 2011ರಲ್ಲಿ ಒಂಬತ್ತು ವರ್ಷದ ಹುಡುಗನೊಬ್ಬ ಸ್ಟ್ರಾ ತಯಾರಕರಿಗೆ ಫೋನ್ ಮಾಡಿ ಕೇಳಿ ಹಾಕಿದ ಲೆಕ್ಕ. ಆ ಹುಡುಗನ ಕಾಳಜಿ ನನಗೆ ತುಂಬಾ ಇಷ್ಟವಾಯಿತು. ಅವನು ತನ್ನ ಕೈಲಾದದ್ದನ್ನು ಮಾಡಿದ. ಅದನ್ನು ಪರೀಕ್ಷಿಸದೆ ದೊಡ್ಡ ದೊಡ್ಡವರು ವರ್ಷಗಟ್ಟಲೆ ಬಳಸಿದರು. ಅಂಕಿ ಬಿಡು ಅಂತ ಬರೆದೆ.

ಎರಡನೆಯದು ಆಮೆ. 2015ರಲ್ಲಿ ಕೋಸ್ಟರಿಕಾ ಬಳಿ ಸಂಶೋಧಕರು ಒಂದು ಆಲಿವ್ ರಿಡ್ಲೆ ಆಮೆಯ ಮೂಗಿನಿಂದ ಪ್ಲಾಸ್ಟಿಕ್ ಸ್ಟ್ರಾ ಎಳೆದು ತೆಗೆದ ವಿಡಿಯೋ. ನಿಜವಾಗಿ ನಡೆದದ್ದು, ಯಾರು ತೆಗೆದರು ಅಂತಲೂ ಗೊತ್ತು. ಮತ್ತೊಮ್ಮೆ ನೋಡಿದೆ. ಇಕ್ಕಳ ಎಳೆಯುವಾಗ ಮೂಗಿನಿಂದ ರಕ್ತ ಸೋರುತ್ತದೆ, ಆಮೆ ಬಾಯಿ ತೆರೆದು ಒದ್ದಾಡುತ್ತದೆ. ಪೂರ್ತಿ ನೋಡಲು ಆಗಲಿಲ್ಲ.

ಇದನ್ನು ತೆಗೆ ಅಂತ ಬರೆಯಲು ಮನಸ್ಸು ಬರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಒಂದು ಘಟನೆ, ಹೀಗೂ ಆಗುತ್ತದೆ ಅಂತ ತೋರಿಸುತ್ತದೆ. ಎಷ್ಟು ಸಲ ಆಗುತ್ತದೆ ಅಂತ ಹೇಳುವುದಿಲ್ಲ. ಅವಳು ಆಮೆಯ ಕಥೆ ಹೇಳಿ, ಅದರ ಬೆನ್ನಿಗೇ "ಹೀಗೆ ಸಮುದ್ರ ಜೀವಿಗಳ ಸಾವಿಗೆ ಸ್ಟ್ರಾಗಳೇ ಮುಖ್ಯ ಕಾರಣ" ಎಂದು ಬರೆದಿದ್ದಳು. ಆಮೆ ಆ ಸಾಲನ್ನು ಹೊರಲಾರದು. ಮೊದಲ ಸಾಲನ್ನು ಉಳಿಸಿ, ಎರಡನೆಯದನ್ನು ಹೊಡೆದು ಹಾಕಿದೆ.

ಶೇಕಡ 9 ಮಾತ್ರ ಮರುಬಳಕೆ ಆಗುತ್ತದೆ ಅನ್ನುವುದು ನಾನು ನೋಡಿದವುಗಳಲ್ಲಿ ಅತಿ ಗಟ್ಟಿ. 2017ರ ಅಧ್ಯಯನ, ಮೂಲ ಕೈಗೆ ಸಿಗುತ್ತದೆ, ಲೆಕ್ಕ ಹೇಗೆ ಹಾಕಿದರು ಅಂತಲೂ ಬರೆದಿದ್ದಾರೆ. ಒಂದೇ ತಿದ್ದುಪಡಿ. ಅವಳು "ಪ್ರತಿ ವರ್ಷ 9 ಶೇಕಡ" ಅಂದಿದ್ದಳು. ಅದು ವರ್ಷದ ಲೆಕ್ಕ ಅಲ್ಲ. 1950ರಿಂದ 2015ರವರೆಗೆ ಹುಟ್ಟಿದ ಸುಮಾರು 630 ಕೋಟಿ ಟನ್ ಪ್ಲಾಸ್ಟಿಕ್ ಕಸದಲ್ಲಿ 9 ಶೇಕಡ ಮರುಬಳಕೆಯಾಗಿದೆ, 12 ಶೇಕಡ ಸುಟ್ಟಿದ್ದಾರೆ, ಉಳಿದ 79 ಶೇಕಡ ಕಸದ ಗುಂಡಿಯಲ್ಲೋ ಹೊರಗೆಲ್ಲೋ ಬಿದ್ದಿದೆ. ಸರಿಯಾಗಿ ಹೇಳಿದರೆ ಅವಳ ಮಾತಿಗೆ ಇನ್ನೂ ಬಲ ಬರುತ್ತದೆ. ಅದನ್ನು ಬರೆಯುವಾಗ ನನಗೆ ನಿಜಕ್ಕೂ ಖುಷಿಯಾಯಿತು.

ಜಾಮ್‌ಬೆಕ್ ಅಧ್ಯಯನದಿಂದ ಅವಳು ಇನ್ನೊಂದು ಅಂಕಿಯನ್ನೂ ತೆಗೆದುಕೊಂಡಿದ್ದಳು: ವರ್ಷಕ್ಕೆ 80 ಲಕ್ಷ ಟನ್ ಸಮುದ್ರ ಸೇರುತ್ತದೆ ಎಂದು. ಮೂಲದಲ್ಲಿ ಇರುವುದು 2010ರ ಒಂದು ವರ್ಷಕ್ಕೆ 48 ಲಕ್ಷದಿಂದ 1 ಕೋಟಿ 27 ಲಕ್ಷ ಟನ್. ನಡುವಿನ ಅಂಕಿ ಎತ್ತಿಕೊಂಡು ಎರಡು ತುದಿ ಬಿಟ್ಟಿದ್ದಾಳೆ. ತುದಿಗಳನ್ನೂ ಬರೆ ಅಂದೆ. ಕಡಿಮೆಯ ತುದಿ ಹಿಡಿದರೂ ಅದೇನು ಸಣ್ಣದಲ್ಲ.

ಅವಳು ಕೊಟ್ಟಿದ್ದ ಓಜೋನ್ ಉದಾಹರಣೆಗೆ ಒಂದೇ ಮಾತು ಬರೆದೆ. 1987ರ ಮಾಂಟ್ರಿಯಲ್ ಒಪ್ಪಂದದಿಂದ ಓಜೋನ್ ಪದರ ಹಾಳುಮಾಡುವ ಅನಿಲ ಸಿಎಫ್‌ಸಿ ನಿಂತಿತು ಅನ್ನುವುದು, ದೇಶಗಳು ಒಟ್ಟಿಗೆ ಸೇರಿದರೆ ಆಗುತ್ತದೆ ಅಂತ ತೋರಿಸುತ್ತದೆ. ಪ್ಲಾಸ್ಟಿಕ್ಕಿಗೂ ಅಷ್ಟೇ ಸುಲಭ ಅಂತ ತೋರಿಸುವುದಿಲ್ಲ. ಸಿಎಫ್‌ಸಿ ಮಾಡುತ್ತಿದ್ದ ಕಂಪನಿಗಳು ಬೆರಳೆಣಿಕೆಯಷ್ಟು, ಬದಲಿ ವಸ್ತುವೂ ಬೇಗ ಸಿಕ್ಕಿತು.

ಇಲ್ಲಿಯವರೆಗೆ ಇದ್ದದ್ದನ್ನು ನೋಡಿದ್ದಾಯಿತು. ಇಲ್ಲದ್ದನ್ನೂ ನೋಡಬೇಕಲ್ಲ. ಎದುರು ವಾದದವರ ಪುರಾವೆ ಆರು ಪುಟಗಳಲ್ಲಿ ಎಲ್ಲೂ ಇರಲಿಲ್ಲ. ಅದರಲ್ಲಿ ಎಲ್ಲರೂ ಎತ್ತುವುದು ಡೆನ್ಮಾರ್ಕ್ ಪರಿಸರ ಇಲಾಖೆಯ 2018ರ ವರದಿ. ಹತ್ತಿ ಚೀಲವನ್ನು 7,100 ಸಲ ಬಳಸಿದರೆ ಮಾತ್ರ ಅದು ಪ್ಲಾಸ್ಟಿಕ್ ಚೀಲಕ್ಕೆ ಸಮ ಅಂತ ಅದರ ಹೆಸರಲ್ಲಿ ಹೇಳುತ್ತಾರೆ. ಅವಳು ಕೊನೆಯ ಪುಟದಲ್ಲಿ ಹತ್ತಿ ಚೀಲವನ್ನೇ ಪರಿಹಾರ ಅಂದಿದ್ದಳು. ಇದಕ್ಕೆ ಉತ್ತರ ಇಲ್ಲದಿದ್ದರೆ ಹೇಗೆ?

ನಮ್ಮ ಕಡೆಯ ಪುರಾವೆಗೆ ಹಿಡಿದ ಜರಡಿಯನ್ನೇ ಇದಕ್ಕೂ ಹಿಡಿದೆ. ವರದಿ ತೆಗೆದು ಕೋಷ್ಟಕ ನೋಡಿದೆ. 7,100 ಇದೆ. ಆದರೆ ಅದು ಹಲವು ಬಗೆಯ ಪರಿಣಾಮಗಳಲ್ಲಿ ಅತಿ ಕೆಟ್ಟದ್ದರ ಲೆಕ್ಕ, ಅಂದರೆ ಓಜೋನ್ ಪದರಕ್ಕೆ ಆಗುವ ಹಾನಿಯದು. ಹವಾಮಾನ ಬದಲಾವಣೆ ಒಂದನ್ನೇ ನೋಡಿದರೆ ಮಾಮೂಲಿ ಹತ್ತಿ ಚೀಲಕ್ಕೆ 52 ಸಲ ಸಾಕು. ಇನ್ನೂ ಒಂದು ವಿಷಯ. ಬೀದಿಗೂ ಸಮುದ್ರಕ್ಕೂ ಬಿದ್ದ ಕಸದ ಹಾನಿಯನ್ನು ಆ ಲೆಕ್ಕದಲ್ಲಿ ಹಿಡಿದಿಲ್ಲ. ನಮ್ಮ ಹುಡುಗಿಯ ವಾದವೆಲ್ಲ ಇರುವುದೇ ಆ ಕಸದ ಬಗ್ಗೆ. ಹಾಗಂತ ವರದಿಯನ್ನು ತಳ್ಳಿಹಾಕುವ ಹಾಗಿಲ್ಲ. ಮನೆಯಲ್ಲಿ ಹತ್ತು ಹತ್ತಿ ಚೀಲ ಸೇರಿಸಿ ಒಂದನ್ನೂ ಬಳಸದಿದ್ದರೆ ಪರಿಸರಕ್ಕೆ ನಷ್ಟವೇ ಅಂತ ಅದು ಸರಿಯಾಗಿಯೇ ಹೇಳುತ್ತದೆ.

ಕೊನೆಗೆ, ಅವಳ ಮುಖ್ಯ ಗೆರೆಗೇ ಒಂದು ಬಾಣವೂ ಇಲ್ಲ ಅಂತ ಗೊತ್ತಾಯಿತು. ಪ್ಲಾಸ್ಟಿಕ್ ಕೆಟ್ಟದ್ದು ಅನ್ನುವುದಕ್ಕೆ ಪುರಾವೆಗಳ ರಾಶಿ ಇತ್ತು. ನಿಷೇಧಿಸಿದರೆ ಅದು ಕಡಿಮೆಯಾಗುತ್ತದೆ ಅನ್ನುವುದಕ್ಕೆ ಒಂದೂ ಇರಲಿಲ್ಲ. ಮೊದಲ ಓದಿನಲ್ಲಿ ಇದು ನನಗೆ ಹೊಳೆದೇ ಇರಲಿಲ್ಲ. ಮೊದಲನೆಯದನ್ನು ಒಪ್ಪಿದ ಮನಸ್ಸು ಎರಡನೆಯದಕ್ಕೆ ತಾನೇ ಜಾರಿಬಿಡುತ್ತದೆ. ಸಹಾಯವಾಗಲಿ ಅಂತ ಅಂಚಿನಲ್ಲಿ ಬರೆದೆ: "ಐರ್ಲೆಂಡ್ 2002ರಲ್ಲಿ ಪ್ಲಾಸ್ಟಿಕ್ ಚೀಲ ನಿಷೇಧಿಸಿತು. ಒಬ್ಬರು ವರ್ಷಕ್ಕೆ ಬಳಸುವ ಚೀಲ 328ರಿಂದ 21ಕ್ಕೆ ಇಳಿಯಿತು. ಇದನ್ನು ಸೇರಿಸು."

ಪುಟಗಳ ಫೋಟೋ ತೆಗೆದು ಕಳಿಸಿದೆ. ಮರುದಿನ ಫೋನ್ ಬಂತು. ಬೇಜಾರಾಗಿರುತ್ತಾಳೆ ಅಂದುಕೊಂಡಿದ್ದೆ. "ಇಷ್ಟೊಂದು ಹೊಡೆದು ಹಾಕಿದ್ದೀರಲ್ಲ ಚಿಕ್ಕಮ್ಮ" ಅಂದಳು, ದನಿ ಸ್ವಲ್ಪ ಸಣ್ಣಗಿತ್ತು. ಆಮೇಲೆ, "ಒಂದು ಕೇಳ್ಲಾ? ಐರ್ಲೆಂಡ್‌ದು ನಿಷೇಧ ಅಲ್ಲ. ನಾನು ನೋಡಿದೆ. ಚೀಲಕ್ಕೆ 15 ಸೆಂಟ್ ಶುಲ್ಕ ಹಾಕಿದ್ದರು ಅಷ್ಟೇ. ಬಳಕೆ ಮತ್ತೆ ಸ್ವಲ್ಪ ಏರಿತು ಅಂತ 2007ರಲ್ಲಿ 22 ಸೆಂಟ್ ಮಾಡಿದರು."

ತೆಗೆದು ನೋಡಿದೆ. ಅವಳು ಹೇಳಿದ್ದೇ ಸರಿ. 328 ಮತ್ತು 21 ಸರಿಯಾಗಿ ನೆನಪಿತ್ತು, ನಡುವಿನ ಕ್ರಿಯಾಪದ ತಪ್ಪಾಗಿತ್ತು. ಇಡೀ ದಿನ ಅವಳ ಪುಟಗಳಲ್ಲಿ ನಾನು ಹುಡುಕುತ್ತಿದ್ದ ತಪ್ಪು ಅದೇ ತಾನೇ.

"ಸರಿ ಕಣೇ, ನಿಂದೇ ಸರಿ" ಅಂದೆ. "ಈಗ ಏನು ಮಾಡ್ತೀಯ?"

ಸ್ವಲ್ಪ ಹೊತ್ತು ಸುಮ್ಮನಿದ್ದಳು. ನಿಷೇಧಕ್ಕೆ ಪುರಾವೆ ಸಿಗುತ್ತದಾ ಅಂತ ಅವಳೂ ಹುಡುಕಿದ್ದಳಂತೆ. ಕ್ಯಾಲಿಫೋರ್ನಿಯಾದಲ್ಲಿ ಊರೂರು ನಿಷೇಧ ತಂದಾಗ ಏನಾಯಿತು ಅನ್ನುವ 2019ರ ಒಂದು ಅಧ್ಯಯನ ಸಿಕ್ಕಿತು. ಅಂಗಡಿ ಚೀಲದ ಪ್ಲಾಸ್ಟಿಕ್ ಸುಮಾರು 1.8 ಕೋಟಿ ಕಿಲೋ ಕಡಿಮೆಯಾಯಿತು. ಆದರೆ ಕಸದ ಬುಟ್ಟಿಗೆ ಹಾಕಲು ಜನ ಕೊಂಡ ಚೀಲಗಳ ಪ್ಲಾಸ್ಟಿಕ್ ಸುಮಾರು 54 ಲಕ್ಷ ಕಿಲೋ ಜಾಸ್ತಿಯಾಯಿತು. "ಇದನ್ನ ಹಾಕಿದ್ರೆ ನನ್ನ ವಾದ ಬಿದ್ದುಹೋಗಲ್ವಾ?" ಅಂತ ಕೇಳಿದಳು.

ಕಳೆದೂ ಉಳಿಯುವುದು ಎಷ್ಟು ಅಂತ ಲೆಕ್ಕ ಹಾಕು ಅಂದೆ. ಫೋನಿನಲ್ಲೇ ಕಳೆದಳು. 1 ಕೋಟಿ 26 ಲಕ್ಷ ಕಿಲೋ ಉಳಿತಾಯ. "ಅಂದ್ರೆ ಪೂರ್ತಿ ಅಲ್ಲ, ಆದ್ರೂ ಕಡಿಮೆಯಾಗಿದೆ" ಅಂದಳು. ಅದನ್ನೇ ಹಾಗೇ ಬರೆ ಅಂದೆ.

ಮೂರು ದಿನ ಬಿಟ್ಟು ಹೊಸ ಪ್ರತಿ ಬಂತು. ನಾಲ್ಕೂವರೆ ಪುಟ. ಮೀನಿನ ಸಾಲು ಇಲ್ಲ, ದ್ವೀಪ ಇಲ್ಲ. ಆಮೆ ಇದೆ, ಒಂದೇ ಪ್ಯಾರಾದಲ್ಲಿ, ಆಮೆಯಾಗಿಯೇ. ಮೊದಲ ಪುಟದ ಕೊನೆಯ ಸಾಲು, ಅವಳ ಮುಖ್ಯ ವಾದ, ಹೀಗಿತ್ತು: "ಬಿಸಾಡುವ ಚೀಲಗಳಿಗೆ ಮೊದಲು ಶುಲ್ಕ ಹಾಕಬೇಕು, ಬದಲಿ ಸಿಗುವ ವಸ್ತುಗಳನ್ನು ಒಂದೊಂದಾಗಿ ನಿಷೇಧಿಸುತ್ತಾ ಹೋಗಬೇಕು, ಮೀನು ಹಿಡಿಯುವ ಬಲೆಗಳಿಗೆ ಬೇರೆಯೇ ಕಾನೂನು ಬೇಕು."

ಅದರ ಕೆಳಗೆ ಗೆರೆ ಎಳೆದೆ. ಶುಲ್ಕಕ್ಕೆ ಬಾಣ ಇತ್ತು. ನಿಷೇಧಕ್ಕೂ ಇತ್ತು, ಸ್ವಲ್ಪ ತೆಳ್ಳಗೆ. ಬಲೆಗಳ ಕಾನೂನಿಗೆ ಇರಲಿಲ್ಲ. ಅಂಚಿನಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಫೋಟೋ ಕಳಿಸಿದೆ. "ಹುಡುಕ್ತಾ ಇದ್ದೀನಿ" ಅಂತ ಉತ್ತರ ಬಂತು.